ಮಳೆ ತಡೆಯುವವಳು

ಜನವರಿ 14, ಶನಿವಾರ

ಬೆಳಿಗ್ಗೆಯಿಂದ ಮಿಠಾಯಿ ಸುತ್ತಿದ್ದೇ ಸುತ್ತಿದ್ದು. ಕಡಲೆಬೀಜ ಈ ಸಲ ತೀರಾ ಒರಟಾಗಿ ಕುಟ್ಟಿದ್ದಾರೆ. ಕಾಗದ ಹರಿಯುತ್ತದೆ. ಅಂಗಡಿಯವನಿಗೆ ಹೇಳಬೇಕು.

ಮಧ್ಯಾಹ್ನ ಮರ್ಬಾಬು ಬೆಟ್ಟದಿಂದ ಮೋಡ ಇಳಿಯಿತು. ಒಣಹಾಕಿದ್ದನ್ನೆಲ್ಲ ಓಡಿ ಒಳಗೆ ತಂದೆ. ಯುವೊನೊನ ನೀಲಿ ಅಂಗಿಯೂ ಇತ್ತು. ಅದು ಒಗೆದದ್ದೇ, ಮತ್ತೆ ಒಗೆದಿದ್ದೆ. ಅಂಗಳದ ಹಗ್ಗದ ಮೇಲೆ ಒಂದು ಗಂಡಸಿನ ಬಟ್ಟೆ ಇರಲಿ ಅಂತ.

ಅವನು ಸೆಮಾರಂಗ್‌ಗೆ ಹೋಗಿ ಎರಡು ವಾರ. ಹೊಸ ಕೆಲಸ, ಅಲ್ಲೇ ಬಾಡಿಗೆ ಕೋಣೆ. ವಾರಕ್ಕೊಮ್ಮೆ ಬರುತ್ತೇನೆ ಅಂದಿದ್ದ. ಬಂದಿಲ್ಲ. ಹೊಸ ಕೆಲಸ, ರಜೆ ಸಿಗುವುದಿಲ್ಲವೇನೋ… ಮಗಳು ಪಲುಪಿ ತೀರಿಕೊಂಡ ಮೇಲೆ ಅಳಿಯ ಈ ಮನೆ ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. "ಸಾವಿರದ ದಿನ ಆಗ್ಲಿ ಅಮ್ಮಾ. ಅವಳ ಗೋರಿಗೆ ಕಲ್ಲು ನಾನೇ ಕೂರಿಸ್ತೀನಿ. ಅಲ್ಲೀವರೆಗೂ ನಿಮ್ಮ ಜೊತೇಲೇ ಇರ್ತೀನಿ" ಅಂದಿದ್ದ. ಸಾವಿರದ ದಿನದ ಪ್ರಾರ್ಥನೆ ಮುಗಿಯದೆ ಕಲ್ಲು ಕೂರಿಸುವಂತಿಲ್ಲ. ಅದಕ್ಕಿನ್ನೂ ವರ್ಷದ ಮೇಲಿದೆ. ಮಗಳು ಬರೀ ಮಣ್ಣಿನ ಕೆಳಗೆ ಮಲಗಿದ್ದಾಳೆ.

ಸಂಜೆ ನಾಲ್ಕನೇ ಮನೆಯ ಮುರ್ನಿ ಬಂದಳು. ಕೈಯಲ್ಲಿ ಬಾಳೆಹಣ್ಣಿನ ಬೋಂಡಾ, ಬಿಸಿಬಿಸಿ.

"ಅಕ್ಕಾ, ಹೆಸ್ತಿ ಮದುವೆ ಗೊತ್ತಾಯ್ತು. ಫೆಬ್ರವರಿ ಹನ್ನೆರಡು."

"ಹೌದೇನೇ! ಹುಡುಗ ಎಲ್ಲಿಯವನು?"

"ಅಂಬರಾವಾ ಕಡೆಯೋನು." ತಲೆವಸ್ತ್ರದ ಪಿನ್ನು ತೆಗೆದಳು, ಮತ್ತೆ ಚುಚ್ಚಿದಳು. "ಮಳೆಗಾಲ ನೋಡು. ಶಾಮಿಯಾನ ಬೀದೀಲೇ ಹಾಕ್ಬೇಕು. ನೀನೇ ತಡೀಬೇಕು."

ಮುರ್ನಿಯ ಮಗಳನ್ನು ಹುಟ್ಟಿದಾಗಿನಿಂದ ಎತ್ತಿ ಆಡಿಸಿದವಳು ನಾನು. ಪಲುಪಿಯ ಬಾಲ. ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಶಾಲೆಗೆ ಹೋದವರು. ವ್ರತ ಹಿಡಿದು ಮದುವೆಗಳಿಗೆ ಮಳೆ ತಡೆಯುವುದು ನನಗೆ ಅಜ್ಜಿಯಿಂದ ಬಂದದ್ದು, ಒಪ್ಪಿಕೊಂಡೆ. ಆದರೂ ಕೇಳಿದೆ, "ಹಾಗಾದ್ರೆ ಅನ್ನ ಬೇಯಿಸೋರು ಯಾರು? ನಾವಿಬ್ರೂ ಅಲ್ವಾ ಯಾವಾಗ್ಲೂ?"

"ಅನ್ನ ಯಾರ್ ಬೇಕಾದ್ರೂ ಬೇಯಿಸ್ತಾರೆ. ಮಳೆ ಯಾರ್ ಬೇಕಾದ್ರೂ ತಡೀತಾರಾ?"

ಬೋಂಡಾ ಚೆನ್ನಾಗಿತ್ತು. ಮೂರು ತಿಂದೆ.

ಜನವರಿ 22, ಭಾನುವಾರ

ತರಕಾರಿ ಗಾಡಿಯ ಹತ್ತಿರ ಎಲ್ಲರೂ ಇದ್ದರು. ದೂರದಿಂದ ಅವರ ನಗು ಕೇಳಿಸುತ್ತಿತ್ತು. ನಾನು ಹೋದೆ, ನಿಂತಿತು. ಬೀದಿ ಮುಖ್ಯಸ್ಥರ ಹೆಂಡತಿ ಬು ಎಂಡಾಂಗ್ ಸುಮ್ಮಸುಮ್ಮನೆ ಒಂದು ಹೀರೆಕಾಯಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಎಳೇದಿದೆ ಅಲ್ವಾ ಬು ವಾರ್ಸಿತಿ?"

ಎಳೆಯದೇನಲ್ಲ. ಬು ಅಂತ ಮರ್ಯಾದೆಯಿಂದ ಕೇಳಿದರು, ಹೌದು ಅಂದೆ.

ಮಗಳು ಸತ್ತವಳ ಮುಂದೆ ಜನಕ್ಕೆ ಮದುವೆ ಮಾತಾಡಲು ಸಂಕೋಚ. ನನಗೆ ಅರ್ಥವಾಗುತ್ತದೆ. ಒಳ್ಳೆಯ ಜನ.

ಹೆಸ್ತಿ ಮಿಠಾಯಿ ಸುತ್ತಲು ಬರುವುದನ್ನು ನಿಲ್ಲಿಸಿದ್ದಾಳೆ. ಮದುಮಗಳಿಗೆ ನೂರು ಕೆಲಸ.

ಜನವರಿ 29

ಯುವೊನೊಗೆ ಫೋನ್ ಮಾಡಿದೆ. ಎತ್ತಲಿಲ್ಲ. ಸಂಜೆ ಮೆಸೇಜು— 'ತುಂಬಾ ಕೆಲಸ ಅಮ್ಮಾ. ಮಳೇಲಿ ನೆನೀಬೇಡಿ.'

ಒಳ್ಳೆಯ ಹುಡುಗ.

ಫೆಬ್ರವರಿ 5, ಭಾನುವಾರ

ಮದುವೆಗೆ ಕರೆಯಲು ಕಳಿಸುವ ಊಟದ ಡಬ್ಬಿ ಮನೆಮನೆಗೆ ಬಂತು. ಬೇರೆ ಮನೆಗಳಿಗೆ ಮುರ್ನಿಯ ತಮ್ಮನ ಹೆಂಡತಿ ಹಂಚಿದಳು, ಡಬ್ಬಿಯ ಮೇಲೆ ಕಾರ್ಡು ಇಟ್ಟು. ನನ್ನ ಡಬ್ಬಿ ಮಾತ್ರ ಮುರ್ನಿಯೇ ತಂದಳು. ಕಾರ್ಡು ಇರಲಿಲ್ಲ.

"ನಿಂಗೆ ಎಂಥ ಕಾರ್ಡು ಅಕ್ಕಾ? ನೀನು ಹೊರಗಿನೋಳಾ?"

ಸಂತೋಷವಾಯಿತು. ಕೋಳಿ, ಶಾವಿಗೆ, ಹುರಿದ ಆಲೂಗಡ್ಡೆ. ಯುವೊನೊಗೆ ಈ ಆಲೂಗಡ್ಡೆ ಅಂದರೆ ಪ್ರಾಣ. ಅವನ ಪಾಲು ತೆಗೆದಿಟ್ಟೆ, ಆಮೇಲೆ ನೆನಪಾಗಿ ನಾನೇ ತಿಂದೆ.

ಫೆಬ್ರವರಿ 9, ಗುರುವಾರ. ಬೆಳಿಗ್ಗೆ

ಇವತ್ತಿನಿಂದ ವ್ರತ. ಅಜ್ಜಿ ಹೇಳಿಕೊಟ್ಟ ಹಾಗೆ. ಮೂರು ದಿನ, ಮದುವೆಯ ದಿನವೂ, ಬರೀ ಬಿಳಿ ಅನ್ನ, ನೀರು. ಉಪ್ಪು ಸೋಕಬಾರದು. ಅಂಗಳದಲ್ಲಿ ಕಡ್ಡಿಪೊರಕೆ ತಲೆಕೆಳಗಾಗಿ ನೆಡಬೇಕು, ಕಡ್ಡಿಗಳ ತುದಿಗೆ ಕೆಂಪು ಮೆಣಸಿನಕಾಯಿ, ಸಣ್ಣ ಈರುಳ್ಳಿ ಚುಚ್ಚಬೇಕು. ಮದುವೆಯ ದಿನ ನಮಾಜಿಗೆ ಕೈಕಾಲು ತೊಳೆಯುವುದು ಬಿಟ್ಟರೆ ಮೈಗೆ ನೀರಿಲ್ಲ. ಶಾಮಿಯಾನ ಬಿಚ್ಚುವವರೆಗೆ ಅಂಗಳ ದಾಟುವಂತಿಲ್ಲ.

ಮೆಣಸಿನಕಾಯಿ ತರಲು ಹೋದೆ. ಪಾಕ್ ಜುಮಾದಿ ದಿನಾ ಪಕ್ಕದ ಹಳ್ಳಿಯಿಂದ ಗಾಡಿ ತಳ್ಳಿಕೊಂಡು ಬರುವವನು. ನಮ್ಮ ಬೀದಿಯವನಲ್ಲ. ಅವನ ಬಾಯಿಗೆ ಬಾಗಿಲಿಲ್ಲ.

"ಉದ್ದಂದು ಕೊಡಿ, ಕೆಂಪಗಿರೋದು."

"ಸಾರಿಗಾ ಬು?"

"ಪೊರಕೆಗೆ."

ಅವನು ನಕ್ಕ. "ಕೇಳಿದ್ದೆ, ಕೇಳಿದ್ದೆ. ಮನೇಲಿ ಹೆಂಡ್ತಿಗೂ ಹೇಳ್ದೆ. ನೋಡೇ, ಅಳಿಯನ ಎರಡನೇ ಮದುವೇಗೆ ಅತ್ತೇನೇ ಕೂತು ಮಳೆ ತಡೀತಾರಂತೆ. ಅಂಥ ಅತ್ತೆ ಎಲ್ಲಿ ಸಿಗ್ತಾರೆ? ನಮ್ಮತ್ತೆ ಆಗಿದ್ರೆ ಸಿಡಿಲೇ ಕರೆಸಿರೋಳು."

ಬೀದಿಯ ಹೆಂಗಸರೆಲ್ಲ ಗಾಡಿ ಸುತ್ತ ಇದ್ದರು. ಬು ಎಂಡಾಂಗ್ ಎಲೆಕೋಸು ಕೆಳಗಿಟ್ಟರು.

"ಯಾವ ಅಳಿಯ?" ಅಂದೆ.

ಜುಮಾದಿ ಒಬ್ಬೊಬ್ಬರ ಮುಖವನ್ನೂ ನೋಡಿದ. ಆಮೇಲೆ ಮೆಣಸಿನಕಾಯಿ ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟ. "ತಗೊಂಡ್ಹೋಗಿ ಬು" ಅಂದ, ಮೆಲ್ಲಗೆ.

ಅದೇ ದಿನ, ಸಂಜೆ

ಮುರ್ನಿ ಹಿತ್ತಲ ಬಾಗಿಲಿನಿಂದ ಬಂದಳು. ಯಾವತ್ತೂ ಮುಂಬಾಗಿಲಿನಿಂದ ಬರುವವಳು.  ನಾನು ಮಿಠಾಯಿ ಸುತ್ತುತ್ತಿದ್ದೆ.

"ಅಂಬರಾವಾ ಕಡೆಯೋನು ಅಂದಿದ್ದೆ ನೀನು."

"ಅವನ ಊರು ಅಂಬರಾವಾನೇ ಅಲ್ವಾ ಅಕ್ಕಾ. ಸುಳ್ಳೇನೂ ಹೇಳ್ಲಿಲ್ಲ."

"ಸೆಮಾರಂಗ್ ಕೆಲಸ?"

"ನನ್ ತಮ್ಮನ ಮನೇಲಿದ್ದಾನೆ. ನಿನ್ ಮನೆಯಿಂದ್ಲೇ ದಿಬ್ಬಣ ಹೊರಡ್ಸೋಕೆ ಆಗುತ್ತಾ?" ಅಳು ಬಂತು ಅವಳಿಗೆ. "ಹೇಳಿದ್ರೆ ನಿನ್ ಮನಸ್ಸು ನೋಯುತ್ತೆ ಅಂತ ಎಲ್ರೂ ಸೇರಿ…"

"ಎಲ್ರೂ ಅಂದ್ರೆ?"

"ಎಲ್ರೂ."

ಬೀದಿಯ ಒಂದೊಂದು ಬಾಗಿಲೂ ಕಣ್ಣ ಮುಂದೆ ಬಂತು. ದಿನಾ ಊಟ ಆಯ್ತಾ ಅಂತ ಕೇಳುವ ಬಾಗಿಲುಗಳು.

"ಮದುವೆ ಮುಗಿದ ಮೇಲಾದರೂ ಹೇಳ್ತಿದ್ರಾ?"

"ಯುವೊನೊನೇ ಬಂದು ಕಾಲಿಗೆ ಬೀಳೋನಿದ್ದ. ಆಗಿದ್ದು ಆಗ್ಹೋಯ್ತು ಅಂದ್ರೆ ನೀನೂ ಸುಮ್ಮನಾಗ್ತೀಯ ಅಂತ…"

"ಮಳೆ ತಡೆಯೋಳು ಅಂಗಳ ದಾಟಲ್ಲ. ಶಾಮಿಯಾನದ ಹತ್ರ ಬರೋಲ್ಲ. ಅದಕ್ಕೇ ನನ್ನ ಕೇಳಿದ್ಯಾ ಮುರ್ನಿ?"

ಪಿನ್ನು ಬಿಚ್ಚಿದಳು. ಚುಚ್ಚಿದಳು. "ಮಳೇನೂ ಬೇಡ ಅಂತ ಕೇಳಿದ್ದು ಅಕ್ಕಾ. ಎರಡಕ್ಕೂ."

ಅಷ್ಟಾದರೂ ನಿಜ ಹೇಳಿದಳು. ಎಷ್ಟೋ ಮದುವೆಗಳ ಅನ್ನ ಒಂದೇ ಒಲೆಯ ಮುಂದೆ ಕೂತು ಬೇಯಿಸಿದ್ದೇವೆ. ಪಲುಪಿಯನ್ನು ಮಣ್ಣಿಗಿಡುವ ಮುಂಚೆ ಮೈ ತೊಳೆಯುವಾಗ ತಲೆಯ ಕಡೆ ಹಿಡಿದವಳು ಇವಳೇ.

"ಕೈ ಬಿಡಬೇಡ ಅಕ್ಕಾ. ಬೇರೆ ಏನು ಬೇಕಾದ್ರೂ ಬೈಯಿ."

ಬೈಯಲಿಲ್ಲ. ತಡೆಯುತ್ತೇನೆ ಅಂತಲೂ ಹೇಳಲಿಲ್ಲ. ಅವಳು ಹೋಗುವಾಗ ಅಂಗಳದ ಪೊರಕೆಯನ್ನು ನೋಡಿ ಹೋದಳು. ನೆಟ್ಟಿದ್ದೆ. ಬೆಳಿಗ್ಗೆ ಗಾಡಿಯ ಹತ್ತಿರದಿಂದ ಬಂದವಳೇ, ಕೈ ತನ್ನಷ್ಟಕ್ಕೆ ನೆಟ್ಟುಬಿಟ್ಟಿತ್ತು.

ಫೆಬ್ರವರಿ 10

ಬಿಳಿ ಅನ್ನ. ನೀರು.

ಫೆಬ್ರವರಿ 11, ಶನಿವಾರ

ಗೋರಿಗೆ ಹೋಗಿ ಬಂದೆ. ನಾಳೆ ಅಂಗಳ ದಾಟುವಂತಿಲ್ಲ, ಇವತ್ತೇ ಹೋದೆ. ಮಳೆಗೆ ಮಣ್ಣು ಕುಸಿದಿದೆ. ತಲೆಯ ಹತ್ತಿರ ಒಂದು ಗುಳಿ.

ಗುಲಾಬಿ ಎಸಳು ತಗೊಂಡು ಹೋಗಿದ್ದೆ. ಮೊದಲೇ ಯಾರೋ ಹಾಕಿದ್ದರು. ಗುಲಾಬಿ, ಜೊತೆಗೆ ಮಲ್ಲಿಗೆ, ಇನ್ನೂ ಬಾಡಿರಲಿಲ್ಲ. ಒದ್ದೆ ಮಣ್ಣಿನಲ್ಲಿ ಎರಡು ಮಂಡಿಯ ಗುರುತು, ಗಂಡಸಿನವು. ಮತ್ತೆ ಮದುವೆಯಾಗುವವನು ಸತ್ತವಳ ಅಪ್ಪಣೆ ಕೇಳಿಕೊಂಡು ಹೋಗುವುದು ವಾಡಿಕೆ. ಕೇಳಿಕೊಂಡು ಹೋಗಿದ್ದಾನೆ.

ಅವಳಿಗೆ ಹೇಳಿದ. ಬದುಕಿರುವ ನನಗೆ ಹೇಳಲಿಲ್ಲ.

ಎಲ್ಲರೂ ಅಂದರೆ ಎಲ್ಲರೂ. ನೀನೂ ಸೇರಿ, ಪಲುಪಿ.

ನನ್ನ ಹೂವು ಹಾಕಲಿಲ್ಲ. ವಾಪಸ್ ತಂದೆ. ಈಗ ಅಡುಗೆಮನೆಯಲ್ಲಿ ತಟ್ಟೆಯಲ್ಲಿದೆ. ಯಾಕೆ ತಂದೆ…

ಹೊರಗೆ ಮೈಕ್ ಪರೀಕ್ಷೆ. ಹಲೋ, ಹಲೋ. ಒಂದು, ಎರಡು.

ಫೆಬ್ರವರಿ 12, ಭಾನುವಾರ. ಬೆಳಿಗ್ಗೆ ಐದು

ನಮಾಜ್ ಮುಗಿಸಿ ಅಂಗಳಕ್ಕೆ ಹೋದೆ. ಪೊರಕೆ ಕಿತ್ತೆ.

ಅದಕ್ಕೆ ಚುಚ್ಚಿದ್ದ ಮೆಣಸಿನಕಾಯಿ, ಈರುಳ್ಳಿ ಕೈಯಿಂದ ತೆಗೆದು ಒರಳಿಗೆ ಹಾಕಿದೆ. ಉಪ್ಪು ಜಾಸ್ತಿಯೇ ಹಾಕಿದೆ. ಅರೆದು ಬಿಸಿ ಅನ್ನದ ಜೊತೆ ತಿಂದೆ. ಕಣ್ಣು, ಮೂಗು ಎಲ್ಲ ಸುರಿಯಿತು. ಮೂರು ದಿನದಿಂದ ರುಚಿ ಕಾಣದ ನಾಲಿಗೆ.

ಆಮೇಲೆ ಸ್ನಾನ. ಚೊಂಬು ಚೊಂಬು ತಲೆಯ ಮೇಲೆ. ತೊಟ್ಟಿ ಬರಿದಾಗುವವರೆಗೆ.

ಅದೇ ದಿನ, ಹತ್ತು ಗಂಟೆ

ಮೋಡವೇ ಇಲ್ಲ. ಮರ್ಬಾಬುವಿನ ನೆತ್ತಿ ತೊಳೆದಿಟ್ಟ ಹಾಗೆ ಕಾಣುತ್ತಿದೆ. ಈ ತಿಂಗಳಲ್ಲಿ ಇಂಥ ಆಕಾಶ ನೋಡಿರಲಿಲ್ಲ.

ಸ್ಪೀಕರಿನಲ್ಲಿ ಎಲ್ಲ ಕೇಳಿಸುತ್ತದೆ. ನಿಖಾಹ್ ನಡೆಯಿತು. ಅವನ ದನಿ. ಪಲುಪಿಯ ಮದುವೆಯಲ್ಲಿ, ಈ ಮನೆಯ ನಡುಕೋಣೆಯಲ್ಲಿ, ಒಪ್ಪಿದೆ ಅನ್ನಲು ಎರಡು ಸಲ ತಡವರಿಸಿದ್ದ. ಮೂರನೆಯ ಸಲ ಸರಿಯಾಗಿ ಬಂತು. ಮುಸುಕಿನೊಳಗೆ ಅವಳು ನಕ್ಕು ನಕ್ಕು ಕಣ್ಣಿನ ಕಾಡಿಗೆ ಇಳಿದುಹೋಗಿತ್ತು.

ಇವತ್ತು ತಡವರಿಸಲಿಲ್ಲ. ಒಂದೇ ಉಸಿರಿಗೆ ಹೇಳಿದ.

ಮತ್ತೆ ಸ್ನಾನ ಮಾಡಿದೆ.

ಒಂದೂವರೆ

ಬಿಸಿಲು. ಸುಡುವ ಬಿಸಿಲು. ಶಾಮಿಯಾನದಡಿ ಸೆಕೆ ಅಂತ ಫ್ಯಾನ್ ತರಿಸಿದರಂತೆ.

ಮಳೆಯೂ ಅವರ ಕಡೆಯೇ.

ಸಂಜೆ

ನಾಲ್ಕಕ್ಕೆ ಮೂರನೇ ಸ್ನಾನ, ಹಟಕ್ಕೆ. ಹೊರಗೆ ಬರುವಾಗ ಶಾಮಿಯಾನ ಬಿಚ್ಚುತ್ತಿದ್ದರು. ಕಬ್ಬಿಣದ ಕಂಬಗಳ ಸದ್ದು.

ಬೇಲಿಯ ಆಚೆಯಿಂದ ಬು ಎಂಡಾಂಗ್ ಊಟದ ಡಬ್ಬಿ ದಾಟಿಸಿ ಇಟ್ಟರು. ಒಳಗೆ ಬರಲಿಲ್ಲ.

"ನಿಮ್ಮ ಕೈಗುಣ ಬು. ಒಂದು ಹನಿ ಬೀಳ್ಲಿಲ್ಲ. ಎಲ್ರೂ ಅದೇ ಮಾತು. ಇಂಥ ದೊಡ್ಡ ಮನಸ್ಸು ಯಾರಿಗಿರುತ್ತೆ ಅಂತ ಮುರ್ನಿ ಅಳ್ತಾನೇ ಇದ್ದಾಳೆ."

ನಾನು ಕದದ ಹಿಂದೆ ನಿಂತು, ಆಗಲಿ ಅಂದೆ.

ಸ್ವಲ್ಪ ಹೊತ್ತಿಗೆ ಅವರಿಬ್ಬರೇ ಬಂದರು. ಮದುವೆಯ ಬಟ್ಟೆ ಬದಲಿಸಿದ್ದರು. ಹೆಸ್ತಿಯ ಹಣೆಯ ಮೇಲೆ ಮದುಮಗಳಿಗೆ ಬಳಿಯುವ ಕಪ್ಪು ಬಣ್ಣದ ಗುರುತು ಇನ್ನೂ ಇತ್ತು. ಬಂದವಳೇ ನನ್ನ ಮಂಡಿಗೆ ಹಣೆ ಒತ್ತಿದಳು.

"ದೊಡ್ಡಮ್ಮಾ, ನಾನು ಪಲುಪಿ ಅಕ್ಕನ ಜಾಗಕ್ಕೆ ಅಂತ…"

"ಅವಳ ಜಾಗ ಗುಡ್ಡದ ಮೇಲಿದೆ ಮಗಳೇ. ನೀನು ನಿನ್ನ ಜಾಗದಲ್ಲಿ ಕೂತ್ಕೋ."

ಕೂತಳು. ಮಿಠಾಯಿ ಸುತ್ತುವಾಗ ಕೂರುತ್ತಿದ್ದ ಅದೇ ಮೂಲೆಯಲ್ಲಿ. ಅಭ್ಯಾಸ.

ಯುವೊನೊ ಮಂಡಿಯೂರಿದವನು ತಲೆ ಎತ್ತಿ ನನ್ನನ್ನು ನೋಡಿದ. ನನ್ನ ಕೂದಲಿಂದ ನೀರು ಕುಪ್ಪಸದ ಮೇಲೆ ತೊಟ್ಟಿಕ್ಕುತ್ತಿತ್ತು. ಈ ಮನೆಯಲ್ಲಿ ಇದ್ದವನು. ನಾನು ಬೇರೆಯವರ ಮದುವೆಗೆ ವ್ರತ ಹಿಡಿದಾಗ ಮಿಠಾಯಿ ಅಂಗಡಿಗೆ ತಲುಪಿಸಿ ಬರುತ್ತಿದ್ದವನು ಅವನೇ. ಒಂದೊಂದು ನಿಯಮವೂ ಗೊತ್ತು. ಕೂದಲು ನೋಡಿದ. ಬಾಗಿಲಾಚೆ ಅಂಗಳ ನೋಡಿದ. ಪೊರಕೆ ಇದ್ದ ಕಡೆ ತೂತು ಮಾತ್ರ ಇತ್ತು.

ಹೆಸ್ತಿ ಅಂದಳು, "ನೀವು ತಡೀದೇ ಇದ್ದಿದ್ರೆ ಇವತ್ತು ಏನಾಗ್ತಿತ್ತೋ ದೊಡ್ಡಮ್ಮಾ."

ಅವನು ಬಾಯಿ ಬಿಡಲಿಲ್ಲ. ಎದ್ದ. ಯಾರನ್ನೂ ಕೇಳದೆ ಒಳಗೆ ಹೋಗಿ ಅಡುಗೆಮನೆ ಕದದ ಹಿಂದಿನ ಮೊಳೆಯಿಂದ ಟವೆಲ್ ತಂದ.

"ತಲೆ ಒರೆಸ್ಕೊಳ್ಳಿ ಅಮ್ಮಾ. ಶೀತ ಆಗುತ್ತೆ."

ತಗೊಂಡೆ. ಒರೆಸಿಕೊಳ್ಳಲಿಲ್ಲ. ಮಡಿಲಲ್ಲಿ ಇಟ್ಟುಕೊಂಡೆ.

"ಕಲ್ಲು…" ಅಂದ ಅವನು.

"ನಾನೇ ಕೂರಿಸ್ತೀನಿ" ಅಂದೆ.

ಹೊರಟರು. ನಾಲ್ಕು ಮನೆ ದಾಟುವಷ್ಟರಲ್ಲಿ ಹನಿ ಶುರು. ಈಗ ಹೆಂಚಿನ ಮೇಲೆ ಜೋರು. ಬೀದಿಯಲ್ಲಿ ಯಾರೋ ನಗುತ್ತಾ ಕುರ್ಚಿ ಎಳೆದುಕೊಂಡು ಓಡುತ್ತಿದ್ದಾರೆ.

ಹಗ್ಗದ ಮೇಲೆ ನೀಲಿ ಅಂಗಿ ಇದೆ. ತರಲು ಎದ್ದೆ. ಮತ್ತೆ ಕೂತೆ. ನೆನೆಯಲಿ. ಅಲ್ಲಿ ಗೋರಿಯಲ್ಲಿ ತಲೆಯ ಹತ್ತಿರ ಗುಳಿ ಇತ್ತಲ್ಲ, ನಿನ್ನೆ ಒಂದು ಹಿಡಿ ಮಣ್ಣಾದರೂ ಹಾಕಿ ಬರಬೇಕಿತ್ತು, ಸಿಟ್ಟಿನಲ್ಲಿ ಹಾಗೇ ಬಂದೆ, ಈಗ ನೀರೆಲ್ಲ ಅದರೊಳಗೇ—