ಒಂದು ಸಲ, ಎರಡು ಸಲ, ಮೂರು ಸಲ

ಜೂನ್ ಹನ್ನೊಂದು, ಭಾನುವಾರ

ಶ್ರೀಮಾನ್ ಮೈದುನರಾಯರ ಸನ್ನಿಧಾನಕ್ಕೆ ಅತ್ತಿಗೆಯ ಆಶೀರ್ವಾದಗಳು.

ಸಮಸ್ತ ಬಂಧುಬಳಗಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಅಡುಗೆಮನೆಯ ಕಿಟಕಿಯ ಚೌಕಟ್ಟಿನಲ್ಲಿ, ಎಡಗಡೆಯ ಮೇಲ್ಮೂಲೆಯಲ್ಲಿ, ಕಿರುಬೆರಳು ತೂರುವಷ್ಟು ಭಾರಿಯಾದ ಒಂದು ತೂತನ್ನು ಯಶಸ್ವಿಯಾಗಿ ಕೊರೆಯಲಾಗಿದೆ. ಕೊರೆದವರು ನಿಮ್ಮಣ್ಣ. ಏಣಿ ಹಿಡಿದವಳು ನಾನು. ಅಡ್ಡ ಬಂದವರು ನಿಮ್ಮಮ್ಮ.

ಮರ್ಯಾದೆ ಇಷ್ಟು ಸಾಕು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನೀನಿನ್ನೂ ನಿಕ್ಕರಿನಲ್ಲಿದ್ದವನು; ಇನ್ನು ಮುಂದೆ ನೀನು ನೀನೇ. ಪತ್ರ ತಡವಾಯಿತು, ಬೇಜಾರಾಗಬೇಡ. ಶಾಲೆ ಶುರುವಾಗಿ ಸಮವಸ್ತ್ರದ ಹೊಲಿಗೆ ಅಂಗಡಿಯಲ್ಲಿ ನನ್ನ ಕುತ್ತಿಗೆಯವರೆಗೆ ಬಂದಿತ್ತು. "ಫೋನಲ್ಲೇ ಹೇಳಬಹುದಿತ್ತಲ್ಲ ಅತ್ತಿಗೆ" ಅನ್ನುತ್ತೀಯ. ಫೋನಿನಲ್ಲಾದರೆ ನೀನು ನಾಲ್ಕು ಮಾತಿಗೇ "ಸರಿ ಅತ್ತಿಗೆ, ಇಡ್ತೀನಿ" ಎನ್ನುತ್ತೀಯ. ಪತ್ರದ ಬಾಯಿ ಅಷ್ಟು ಸುಲಭವಾಗಿ ಮುಚ್ಚುವುದಿಲ್ಲ.

ಗಂಟಲಿನ ಆಪರೇಷನ್ ಆದಮೇಲೆ ನಿಮ್ಮಣ್ಣನ ದನಿ ಹೋದದ್ದು ನಿನಗೆ ಗೊತ್ತಿರುವ ಸುದ್ದಿ. ಆದರೆ ಹೋದದ್ದು ಎಂಥ ದನಿ! ತರಕಾರಿ ಮಾರುಕಟ್ಟೆಯ ಹರಾಜು ಕಟ್ಟೆಯ ಮೇಲೆ ನಿಂತು ಅವರು "ಒಂದು ಸಲ!" ಅಂದರೆ ಹಿಂದಿನ ಬೀದಿಯ ಮಗು ಎದ್ದು ಅಳುತ್ತಿತ್ತು. "ಎರಡು ಸಲ!" ಅಂದರೆ ಕೊಳ್ಳುವವರ ಕೈ ತಾನಾಗಿ ಮೇಲೇಳುತ್ತಿತ್ತು. "ಮೂರು ಸಲ!" ಎಂದು ಪೆಟ್ಟಿಗೆಯ ಮೇಲೆ ಅಂಗೈ ಅಪ್ಪಳಿಸಿದರೆ ಮುಗಿಯಿತು, ಯಾರಪ್ಪ ಬಂದರೂ ಬೆಲೆ ಕದಲುತ್ತಿರಲಿಲ್ಲ. ಅಂಥ ಮನುಷ್ಯ ಆಸ್ಪತ್ರೆಯಿಂದ ಬಂದು ನಡುಮನೆಯಲ್ಲಿ ಇನ್ನೊಂದು ಕುರ್ಚಿಯ ಹಾಗೆ ಕುಳಿತರು. ನಾವೋ, ಅವರೆದುರಿಗೇ ಅವರ ವಿಷಯ ಮಾತಾಡತೊಡಗಿದೆವು. ಅವರಿಗೆ ಬಿಸಿನೀರು ಬೇಕೇನೋ, ಅವರಿಗೆ ಚಳಿಯೇನೋ. ಮನೆಯ ಯಾವ ತೀರ್ಮಾನಕ್ಕೂ ಅವರ ಮುಖ ನೋಡುವವರಿರಲಿಲ್ಲ. ನೀನೂ "ಅಣ್ಣನ್ನ ಒಬ್ಬನ್ನೇ ಬಿಡಬೇಡಿ, ನೋಡ್ಕೊಳ್ಳೋಕೆ ಯಾರನ್ನಾದ್ರೂ ಇಡಿ" ಎಂದೆ. ಇಟ್ಟಾಯಿತು. ಯಾರನ್ನು ಎಂಬುದನ್ನು ಮುಂದೆ ಓದು.

ಫೋನು ಅವರ ಪಾಲಿಗೆ ಸತ್ತುಹೋಗಿತ್ತು. ಎತ್ತಿದರೆ ಆಚೆಯವರು "ಹಲೋ, ಹಲೋ" ಎಂದು ಇಟ್ಟುಬಿಡುತ್ತಿದ್ದರು. ಮೆಸೇಜು ಬರೆಯೋಣವೆಂದರೆ ಅವರ ಹೆಬ್ಬೆರಳು ಒಂದು ಅಕ್ಷರದ ಮೇಲೆ ಇಳಿದರೆ ಅಕ್ಕಪಕ್ಕದ ಮೂರು ಎದ್ದು ಬರುತ್ತವೆ. ಹೀಗಿರುವಾಗ ಒಂದು ದಿನ ಅವರು ಯಾರಿಗೂ ಸುಳಿವು ಕೊಡದೆ ರೇಡಿಯೋ ಅಂಗಡಿಯವರನ್ನು ಮನೆಗೆ ಕರೆತಂದರು. ಜೊತೆಗೆ ಮೇಜಿನ ಮೇಲಿಡುವ ಒಂದು ದೊಡ್ಡ ಸೆಟ್ಟು, ಕೈಯಲ್ಲಿ ಹಿಡಿಯುವ ಮೂರು ವಾಕಿಟಾಕಿ, ಉದ್ದನೆಯ ಆಂಟೆನಾ. "ಇದು ಬೇಸ್ ಸ್ಟೇಷನ್ ಅಮ್ಮ. ಮನೆಯೇ ಕಂಟ್ರೋಲ್ ರೂಮು. ಈ ಸೆಟ್ಟಿಗೆ ಪರವಾನಗಿ ಗಿರವಾನಗಿ ಏನೂ ಬೇಡ" ಎಂದರು ಅಂಗಡಿಯವರು. ಆಂಟೆನಾವನ್ನು ತಾರಸಿಯ ನೀರಿನ ಟ್ಯಾಂಕಿನ ಪೈಪಿಗೆ ಬಿಗಿದದ್ದಾಯಿತು. "ಎತ್ತರ ಇದ್ದಷ್ಟೂ ಚೆನ್ನಾಗಿ ಕೇಳ್ಸುತ್ತೆ" ಎಂದು ಅವರು ವಿವರಿಸುತ್ತಿದ್ದರೆ ಅತ್ತೆ, "ನನ್ನ ಮಗ ಏಣಿ ತುದೀಲಿ ಕೂತಿದಾನೆ, ಇಳಿಯೋ ಇಳಿಯೋ ಅಂತ ಆಗ್ಲಿಂದ ಕೂಗ್ತಿದೀನಿ. ಅವನಿಗ್ಯಾಕೆ ಕೇಳ್ಸಲ್ಲ ಹಾಗಾದ್ರೆ?" ಎಂದು ವಿಜ್ಞಾನದ ಬಾಯಿ ಮುಚ್ಚಿಸಿದರು. ಕೇಬಲ್ಲು ನಡುಮನೆಗೆ ಒಂದು ಮೊಳ ಸಾಲದೆ ಹೋಯಿತು. ಆದ್ದರಿಂದ ಕಂಟ್ರೋಲ್ ರೂಮು ಅಡುಗೆಮನೆಯಲ್ಲಿ, ಉಪ್ಪಿನ ಡಬ್ಬಿಗೂ ಟೀಪುಡಿ ಡಬ್ಬಿಗೂ ನಡುವೆ ಪ್ರತಿಷ್ಠಾಪನೆಯಾಗಿದೆ. ತೂತಿನ ಇತಿಹಾಸ ಇಷ್ಟು.

"ದನಿಯೇ ಇಲ್ಲದವರಿಗೆ ರೇಡಿಯೋ ಯಾಕೆ?" ಎಂದು ನಾನೂ ಒಳಗೊಳಗೇ ಅಂದುಕೊಂಡೆ. ಮರುದಿನ ಅಂಗಡಿಯಲ್ಲಿ ಬಾಯಿ ತುಂಬ ಗುಂಡುಪಿನ್ನು ಕಚ್ಚಿಕೊಂಡು ಕೂತಿದ್ದೆ. ಪಿನ್ನು ತೆಗೆದು, ಬಟನ್ ಒತ್ತಿ, "ಕೇಳಿಸ್ತಾ ಇದೆಯಾ ರೀ?" ಎಂದೆ. ಬಟನ್ ಬಿಟ್ಟೆ. ಆ ಕಡೆಯಿಂದ ಒಂದು "ಖಟ್". ಮಾತಾಡದೆ ಬಟನ್ ಒಮ್ಮೆ ಒತ್ತಿ ಬಿಟ್ಟರೆ ಅಷ್ಟು ಸದ್ದಾಗುತ್ತದೆ.

"ಏನಾದ್ರೂ ತಿಂದ್ರಾ?"

ಖಟ್ ಖಟ್.

"ಇನ್ನೂ ತಿಂದಿಲ್ವಾ? ಮಾತ್ರೆ ಆದ್ರೂ ತಗೊಂಡ್ರಾ?"

ಖಟ್.

"ಬೇಗ ಬರ್ಲಾ?"

ಖಟ್!

ಒಂದು ಸಲ ಅಂದರೆ ಹೌದು, ಎರಡು ಸಲ ಅಂದರೆ ಇಲ್ಲ. ಯಾರೂ ಹೇಳಿಕೊಡದೆ ಅರ್ಥವಾಯಿತು. ಗಿರಾಕಿಯೊಬ್ಬರು ಅಳತೆ ಕೊಡಲು ಕೈ ಚಾಚಿಕೊಂಡು ನಿಂತೇ ಇದ್ದರು. ನಾನು ಗಂಡನ ಜೊತೆ ಹರಟೆ ಹೊಡೆಯುತ್ತಲೇ ಇದ್ದೆ. ಮೂರು ಸಲ ಅಂದರೆ ಏನೆಂದು ನಿನಗೆ ಹೇಳಬೇಕಾಗಿಲ್ಲ. ತೀರ್ಮಾನವಾಯಿತು, ಇನ್ನು ಚರ್ಚೆಯಿಲ್ಲ.

ಈ ಯಂತ್ರದ ಇನ್ನೊಂದು ಮಹಿಮೆ ಕೇಳು. ಇದರಲ್ಲಿ ಒಬ್ಬರು ಬಟನ್ ಒತ್ತಿದ್ದರೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಎಲ್ಲರೂ ಒಟ್ಟಿಗೇ ಮಾತಾಡುವ ನಮ್ಮ ವಂಶಕ್ಕೆ ಇದೊಂದು ಕ್ರಾಂತಿ. ಒತ್ತುವುದನ್ನು ಎಲ್ಲರೂ ಒಂದೇ ಪಾಠಕ್ಕೆ ಕಲಿತರು. ಬಿಡುವುದನ್ನು ನಿಮ್ಮಮ್ಮ ಇನ್ನೂ ಕಲಿತಿಲ್ಲ. ಕಳೆದ ವಾರ ಪಕ್ಕದ ಮನೆಯ ಅಜ್ಜಿಯ ಜೊತೆ ಜಗಲಿಯಲ್ಲಿ ಕೂತವರು ವಾಕಿಟಾಕಿಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡುಬಿಟ್ಟರು. ಮಧ್ಯಾಹ್ನವಿಡೀ ನಾನು ಅಂಗಡಿಯಲ್ಲಿ, ಮಗಳು ಸರಕಿನ ವ್ಯಾನಿನಲ್ಲಿ, ನಿಮ್ಮಣ್ಣ ಅಡುಗೆಮನೆಯಲ್ಲಿ ಅತ್ತೆಯ ಪ್ರವಚನ ಕೇಳಿದ್ದೇ ಕೇಳಿದ್ದು. ನಡುವೆ ತಡೆಯೋಣವೆಂದರೆ ದಾರಿಯಿಲ್ಲ. ಸೊಸೆ ಉಪ್ಪು ಹಾಕುವಾಗ ಕೈ ನಡುಗುತ್ತೆ. ಮೊಮ್ಮಗಳು ಗಂಡಸರ ಹಾಗೆ ಹಾರನ್ ಹೊಡೀತಾಳೆ. ಸೊಸೆ ಇಲ್ದಿದ್ರೆ ಈ ಮನೆ ಯಾವತ್ತೋ ಮುಳುಗೋದು, ಆದ್ರೆ ಅದನ್ನ ಅವಳ ಮುಂದೆ ಹೇಳಿದ್ರೆ ತಲೆ ಮೇಲೆ ಕೂತ್ಕೋತಾಳೆ. (ಇದನ್ನು ಕೇಳಿ ನಾನು ಎರಡು ಕಾಲರ್ ತಿರುಗುಮುರುಗಾಗಿ ಹೊಲಿದೆ.) ಕೊನೆಗೆ ಇನ್ನೊಂದು ಮಾತೂ ಆಡಿದರು. ಅದಿರಲಿ.

ಈಗ ಮುಖ್ಯ ಸುದ್ದಿ. ಅಪ್ಪನ ಕಟ್ಟೆ ಮಗಳಿಗೆ ಸಿಕ್ಕಿದೆ! ಸರಕು ಸಾಗಿಸುತ್ತಿದ್ದವಳು ಈಗ ಸರಕು ಕೂಗುತ್ತಾಳೆ. ಮೊದಲ ದಿನ, ಟೊಮೆಟೊ ಪೆಟ್ಟಿಗೆಗಳು. ಕೊಳ್ಳುವವರೆಲ್ಲ ಬೆಲೆ ಏರಿಸಬಾರದೆಂದು ಒಳಗೇ ಮಾತಾಡಿಕೊಂಡು ಬಂದಿದ್ದರು. "ಏನಮ್ಮಾ, ಹರಾಜು ಕೂಗ್ತೀಯೋ, ಜೋಗುಳ ಹಾಡ್ತೀಯೋ?" ಎಂದು ನಗು ಬೇರೆ. ಆಗ ಹುಡುಗಿ ಸೊಂಟದ ವಾಕಿಟಾಕಿ ತೆಗೆದು ಬಟನ್ ಒತ್ತಿ ಹಿಡಿದಳು. ಇಡೀ ಕಟ್ಟೆಯ ಗದ್ದಲ ನಮ್ಮ ಅಡುಗೆಮನೆಗೆ ಬಂತು. ನಿಮ್ಮಣ್ಣ ಸೆಟ್ಟಿಗೆ ಕಿವಿ ಹಚ್ಚಿದರು. ನಾನು ಒಲೆ ಆರಿಸಿದೆ.

ಅಲ್ಲಿ ಗುಡಾಣ ಅಂತೊಬ್ಬ ದೊಡ್ಡ ವ್ಯಾಪಾರಿ, ಹೊಟ್ಟೆಯಿಂದ ಬಂದ ಹೆಸರು. ಇನ್ನೂ ಏರಿಸುವ ತಾಕತ್ತಿದ್ದರೆ ಅವನಿಗೆ ಕೆಮ್ಮು ಬರುತ್ತದೆ. ಇದು ನಿಮ್ಮಣ್ಣ ಊಟಕ್ಕೆ ಕೂತಾಗಲೆಲ್ಲ ಹೇಳಿ ನಗುತ್ತಿದ್ದ ಗುಟ್ಟು. ಗುಡಾಣ ಒಂದು ಬೆಲೆ ಹೇಳಿದ, ಕೆಮ್ಮಿದ. ಮಗಳು "ಅಪ್ಪಾ, ಬಿಡ್ಲಾ?" ಎಂದು ಬಟನ್ ಬಿಟ್ಟಳು.

ಖಟ್ ಖಟ್.

ಅವಳು ಬಟನ್ ಮತ್ತೆ ಒತ್ತಿ ಹಿಡಿದು "ಬಿಡಲ್ಲ!" ಎಂದಳು. ಗುಡಾಣ ಏರಿಸಿದ, ಮತ್ತೆ ಕೆಮ್ಮಿದ. ಮತ್ತೆ ಖಟ್ ಖಟ್. ಈ ಸಲ ನಗು ನಿಂತಿತ್ತು. ಅವನು ಇನ್ನೊಮ್ಮೆ ಏರಿಸಿದ. ಕಾದೆವು. ಕೆಮ್ಮಿಲ್ಲ. ಮಗಳು ಬಟನ್ ಬಿಟ್ಟಳು. ನಿಮ್ಮಣ್ಣ ನನ್ನ ಕಡೆ ಕಣ್ಣು ಮಿಟುಕಿಸಿ ಬಟನ್ ಒತ್ತಿದರು: ಖಟ್, ಖಟ್, ಖಟ್. ಮಗಳು "ಮೂರು ಸಲ!" ಎಂದು ಪೆಟ್ಟಿಗೆಗೆ ಹೊಡೆದ ಸದ್ದಿಗೆ ನಮ್ಮ ಉಪ್ಪಿನ ಡಬ್ಬಿ ಅಲುಗಾಡಿತು, ಆಣೆ!

ಗುಡಾಣ ವಾಕಿಟಾಕಿ ಹತ್ತಿರ ಬಂದು, "ಯಜಮಾನ್ರೇ, ಮನೇಲಿ ಕೂತೂ ನಮ್ಮನ್ನ ಬಿಡಲ್ವಲ್ರೀ ನೀವು!" ಎಂದ.

ಖಟ್.

ಮಾರುಕಟ್ಟೆಯೇ ನಕ್ಕಿತು. ನಿಮ್ಮಣ್ಣನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಯನ್ನು ನಾನೇ ಮತ್ತೆ ಹೊಲಿಯಬೇಕಾಯಿತು. ಈಗ ನಾನು ದಾರಿಯಲ್ಲಿ ತಡವಾದರೆ, ಅತ್ತೆ ಮಾತ್ರೆ ಮರೆತರೆ, ಮಗಳು ವ್ಯಾನು ಜೋರಾಗಿ ಓಡಿಸಿದರೆ, ಎಲ್ಲದಕ್ಕೂ ಅಡುಗೆಮನೆಯಿಂದ ಅಪ್ಪಣೆಯಾಗುತ್ತದೆ. ನೋಡಿಕೊಳ್ಳುವವರನ್ನು ಇಟ್ಟಿದ್ದೇವೆ ಎಂದೆನಲ್ಲ? ನಿಮ್ಮಣ್ಣನನ್ನೇ.

ನಿನಗೂ ನಿನ್ನ ಹೆಂಡತಿಗೂ ಪುಟಾಣಿಗೂ ಒಳ್ಳೆಯದಾಗಲಿ. ನೂರು ಕಾಲ ನಗುನಗುತ್ತಾ ಬಾಳಿ.

ಬೇಸ್ ಸ್ಟೇಷನ್ನಿನ ಯಜಮಾನತಿ,
ನಿನ್ನ ಅತ್ತಿಗೆ

ಮರೆತ ಮಾತು: ಮರೆತದ್ದಲ್ಲ, ಮುಂದೂಡಿದ್ದು. ಅವತ್ತು ಜಗಲಿಯಲ್ಲಿ ನಿಮ್ಮಮ್ಮ ಆಡಿದ ಕೊನೆಯ ಮಾತು ಇದು: "ಚಿಕ್ಕವನು ವಾರವಾರ ಫೋನ್ ಮಾಡ್ತಾನೆ ಕಣೇ. ಅಣ್ಣ ಪಕ್ಕದಲ್ಲೇ ಕೂತಿದ್ರೂ 'ಅವನು ಹೇಗಿದಾನೆ' ಅಂತ ಸೊಸೇನ ಕೇಳ್ತಾನೆ. ಅವನಿಗೆ ಕೊಡಿ ಅಂತ ಒಂದು ದಿನ ಅಂದಿಲ್ಲ. ಇವನು ಸುಮ್ನೆ ಎದ್ದು ಆಚೆ ಹೋಗ್ತಾನೆ." ನಿಮ್ಮಣ್ಣ ಸೆಟ್ಟಿನ ಮುಂದೆ ಕೂತು ಇದನ್ನೆಲ್ಲ ಕೇಳಿದರು. ಅವತ್ತು ಸಂಜೆ ನಾನು ಏನು ಕೇಳಿದರೂ ಒಂದು ಖಟ್ ಕೂಡ ಬರಲಿಲ್ಲ.

ನಿನ್ನನ್ನು ಬೈಯಲು ಬರೆಯುತ್ತಿಲ್ಲ ಮಾರಾಯ. ಆ ಮೌನದ ಜೊತೆ ಏನು ಮಾತಾಡಬೇಕೋ ನಿನಗೆ ತಿಳಿಯಲಿಲ್ಲ; ನಮಗೂ ತಿಳಿದಿರಲಿಲ್ಲ. ನಿನ್ನ ಊರಿನವರೆಗೆ ನಮ್ಮ ಆಂಟೆನಾ ಮುಟ್ಟುವುದಿಲ್ಲ, ಫೋನೇ ಗತಿ. ಆದ್ದರಿಂದ ಒಂದು ಸಣ್ಣ ಉಪಕಾರ ಮಾಡು. ಮುಂದಿನ ಭಾನುವಾರ ಫೋನ್ ಮಾಡಿದಾಗ "ಅಣ್ಣನಿಗೆ ಕೊಡಿ" ಅನ್ನು. ಅವರು ಬೆರಳಿನಿಂದ ಫೋನಿನ ಬೆನ್ನಿಗೆ ಬಡಿಯುತ್ತಾರೆ, ಚೆನ್ನಾಗಿ ಕೇಳುತ್ತದೆ, ನಾನು ಪರೀಕ್ಷೆ ಮಾಡಿ ನೋಡಿದ್ದೇನೆ. "ಹೇಗಿದೀಯ" ಎಂದು ಮಾತ್ರ ಕೇಳಬೇಡ, ಅದಕ್ಕೆ ನಮ್ಮಲ್ಲಿ ಖಟ್ ಇಲ್ಲ. ಹೌದು ಅಥವಾ ಇಲ್ಲ ಎನ್ನಬಹುದಾದ ಪ್ರಶ್ನೆಗಳನ್ನು ಒಂದು ಹತ್ತು ಹದಿನೈದು ಯೋಚಿಸಿ ಇಟ್ಟುಕೊಂಡಿರು.