ದಾರಿಕಣಜದ ಆ ಒಂದು ಸಾಲು

ಗುಡ್ಡೆಬಂದರು
ಕಡಲು ಏರಿದ ನೂರ ನಲವತ್ತನೆಯ ವರ್ಷ, ಆಷಾಢದ ಐವತ್ತೆರಡನೆಯ ದಿನ

ಬಂದರಿನ ಕಂಪ್ಯೂಟರಿನ ಮುಂದೆ ಕೂತಿರುವ ನಿಮಗೆ ಮಾದೇವಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆ ಬಿಡುವ ತನಕ ನಾವು ಆಷಾಢ ಮುಗಿಸುವುದಿಲ್ಲ, ಅದು ಎಷ್ಟು ದಿನವಾದರೂ ಸರಿ. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನೀವು ಬರೆಯಲಿರುವ ಒಂದು ಸಾಲಿನ ಜೊತೆ ಏಗಿ ಏಗಿ ಸುಸ್ತಾಗಿದ್ದೇನೆ, ಅಷ್ಟೇ ನಮ್ಮಿಬ್ಬರ ಸಂಬಂಧ.

ಅಘನಾಶಿನಿ ಹೊಳೆ ಕಡಲು ಸೇರುತ್ತಿದ್ದ ಜಾಗ ಈಗ ಇಲ್ಲ. ನಿಮ್ಮ ರಸ್ತೆ, ಶಾಲೆ, ಮಂಜುಗಡ್ಡೆ ಕಾರ್ಖಾನೆ ಎಲ್ಲವೂ ನೀರಿನಡಿ ಇವೆ; ಅದನ್ನು ಮುಳುಗೂರು ಅನ್ನುತ್ತೇವೆ. ನಾವು ಗುಡ್ಡದ ಮೇಲಿದ್ದೇವೆ. ಬೆಳಿಗ್ಗೆ ಉಪ್ಪುನೀರಿನ ಗದ್ದೆಯಲ್ಲಿ ಬೆಳೆದ ಕಗ್ಗದಕ್ಕಿಯ ಗಂಜಿ, ಸಿಕ್ಕ ದಿನ ಬೆಳಚು ಚಿಪ್ಪಿನ ಸಾರು. ಸೌರಫಲಕದ ಮೇಲೆ ಮೀನು ಒಣಗಿಸಬೇಡಿ ಅಂತ ದಿನಾ ಬೊಬ್ಬೆ ಹೊಡೆಯುತ್ತೇನೆ, ದಿನಾ ಒಣಗಿಸುತ್ತಾರೆ. ದೋಣಿಗಳು ಕಡಲಿಗೆ ಹೋಗುವುದೂ ಮರಳುವುದೂ ಮುಳುಗೂರಿನ ಮೇಲಿಂದಲೇ. ಯಾವ ಭರತಕ್ಕೆ, ಅಂದರೆ ಕಡಲ ಉಬ್ಬರಕ್ಕೆ, ಯಾವ ಮಾಳಿಗೆಯ ಮೇಲೆ ಎಷ್ಟು ನೀರಿದೆ, ಎಲ್ಲಿ ಹೊಸದಾಗಿ ಮರಳು ಕೂತಿದೆ ಎಂಬುದೆಲ್ಲ ದಾರಿಕಣಜದಲ್ಲಿದೆ. ನಿಮ್ಮ ಕಾಲದಲ್ಲಿ ಅದಕ್ಕೆ ಡೇಟಾಬೇಸ್ ಅನ್ನುತ್ತೀರಿ. ದೋಣಿಯಿಂದ ಕೇಳಿದರೆ ಅದು ದಾರಿ ಹೇಳುತ್ತದೆ. ಅದನ್ನು ನೋಡಿಕೊಳ್ಳುವವಳು ನಾನು.

ನೀವು ಬರೆದ ಸಾಲು ಅದರ ಸೆಟ್ಟಿಂಗ್ ಕಡತದಲ್ಲಿದೆ. ಒಂದು ಪ್ರಶ್ನೆಗೆ ಎಷ್ಟು ಮೆಮೊರಿ ಕೊಡಬೇಕು ಎಂಬ ಸಂಖ್ಯೆ. ಪಕ್ಕದಲ್ಲಿ "ಇದನ್ನು ಬದಲಾಯಿಸಬೇಡಿ" ಎಂಬ ಮಾತು. ನಿಮ್ಮ ಲೆಕ್ಕ ತಪ್ಪಲ್ಲ. ಆಗ ಕೇಳುವವರು ಬೆರಳೆಣಿಕೆಯ ಜನ, ಯಂತ್ರ ದೊಡ್ಡದು. ಆಮೇಲೆ ಯಂತ್ರಗಳು ಕೆಟ್ಟವು, ಬದಲಾದವು, ನಿಮ್ಮ ಸಾಲು ಮಾತ್ರ ಒಂದರಿಂದ ಒಂದಕ್ಕೆ ನಕಲಾಗುತ್ತ ಬಂತು. ಈಗಿನದು ಮೂರು ಹಳೇ ಯಂತ್ರಗಳ ಅವಶೇಷ ಸೇರಿಸಿ ಕಟ್ಟಿದ್ದು. ಅದನ್ನು ನಡೆಸುವ ಮೂಲ ವ್ಯವಸ್ಥೆಯೂ ನಿಮ್ಮ ಯುನಿಕ್ಸ್ ಸಂತತಿಯದೇ, ಮೆಮೊರಿ ಮಾತ್ರ ಕಡಿಮೆ.

ಆ ಸಂಖ್ಯೆ ಎಲ್ಲರಿಗೂ ಸೇರಿ ಅಲ್ಲ, ಒಬ್ಬೊಬ್ಬರಿಗೆ. ಇದನ್ನು ಊರಿಗೆ ತಿಳಿಹೇಳುವುದರಲ್ಲೇ ನನ್ನ ಗಂಟಲು ಹರಿಯಿತು. ಪಂಕ್ತಿಯಲ್ಲಿ ಕೂತ ಒಬ್ಬೊಬ್ಬರಿಗೂ ಕುಡಿಯಿಂದ ಬುಡದ ತನಕ ಇಡೀ ಬಾಳೆಎಲೆ ಹಾಸಿದರೆ ಚಪ್ಪರದಲ್ಲಿ ಎಷ್ಟು ಜನ ಹಿಡಿಸುತ್ತಾರೆ? ಶಾಂತವಾದ ದಿನ ನಾಲ್ಕು ದೋಣಿ ಕೇಳುತ್ತವೆ, ಏನೂ ತೊಂದರೆಯಿಲ್ಲ. ಗಾಳಿ ಎದ್ದ ದಿನ ಎಲ್ಲವೂ ಒಟ್ಟಿಗೇ ಕೇಳುತ್ತವೆ. ಆಗ ಮೆಮೊರಿ ಖಾಲಿ. ಯಂತ್ರದ ಮೂಲ ವ್ಯವಸ್ಥೆಗೇ ಉಸಿರಾಡಲು ಜಾಗ ಉಳಿಯುವುದಿಲ್ಲ. ಅದು ತನ್ನ ಜೀವ ಉಳಿಸಿಕೊಳ್ಳಲು, ಅತಿ ಹೆಚ್ಚು ತಿನ್ನುತ್ತಿರುವವರು ಯಾರೆಂದು ನೋಡಿ ಕತ್ತು ಹಿಸುಕುತ್ತದೆ. ಅತಿ ಹೆಚ್ಚು ತಿನ್ನುವುದು ದಾರಿಕಣಜವೇ.

ಹೋದ ವರ್ಷ ಹಾಗೇ ಆಯಿತು. ನನ್ನ ತಮ್ಮ ಜಟ್ಟಿ ದಾರಿ ಕೇಳುತ್ತಲೇ ಇದ್ದ, ಹೇಳಲು ಇಲ್ಲಿ ಏನೂ ಉಳಿದಿರಲಿಲ್ಲ. ನಾನು ಮತ್ತೆ ಎಬ್ಬಿಸಿದಷ್ಟೂ ಸಲ ಅದು ಬಿತ್ತು. ಅವನ ದೋಣಿ ನಿಮ್ಮ ಮಂಜುಗಡ್ಡೆ ಕಾರ್ಖಾನೆಯ ಮಾಳಿಗೆಗೆ ಬಡಿದು ಒಡೆಯಿತು. ಅವನು ಸಿಗಲಿಲ್ಲ.

ಆಮೇಲೆ, ಸಂಖ್ಯೆ ಇಳಿಸೋಣ ಅಂತ ನಾನು ಊರ ಕೂಟದಲ್ಲಿ ಕೇಳಿದೆ. ನಮ್ಮ ಬುದವಂತ, ಅಂದರೆ ಊರ ಹಿರಿಯ, ಮಂಕಾಳಜ್ಜ ಕೆಟ್ಟವನಲ್ಲ. "ಹಿರಿಯರು ಸುಮ್ನೆ ಬರೀತಾರಾ ತಂಗಿ? ಎಂತದೋ ಕಾರಣ ಇರ್ತದೆ. ಗೊತ್ತಿಲ್ದೇ ಕೈ ಹಾಕಿ, ಇರೋದೂ ಹೋದ್ರೆ?" ಅಂದ. ಕಾರಣ ಏನೆಂದು ಯಾರಿಗೂ ಗೊತ್ತಿರಲಿಲ್ಲ, ಅದಕ್ಕೇ ಯಾರೂ ಮುಟ್ಟಲಿಲ್ಲ. ಅವತ್ತು ನಿಮ್ಮನ್ನೂ ಬಾಯಿಗೆ ಬಂದ ಹಾಗೆ ಬೈದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊನ್ನೆ ಪಡುವಣ ದಿಕ್ಕು ಕಪ್ಪಿಟ್ಟಿತು. ಈ ಸಲ ಕಡಲಲ್ಲಿದ್ದವಳು ನನ್ನ ಮಗಳು ಸೋಮಿ. ಮಂಕಾಳಜ್ಜ ಬಂದು ಬಾಗಿಲಲ್ಲೇ ಕೂತ. ನಾನು ಅವನನ್ನು ಕೇಳಲಿಲ್ಲ. ಸಂಖ್ಯೆಯನ್ನು ಎಂಟನೇ ಒಂದು ಭಾಗಕ್ಕೆ ಇಳಿಸಿದೆ. ಯಂತ್ರ ನಿಲ್ಲಿಸಬೇಕಾಗಿಯೂ ಇರಲಿಲ್ಲ, ಕಡತವನ್ನು ಮತ್ತೆ ಓದಿಕೋ ಅಂದರೆ ಸಾಕಿತ್ತು. ಇಷ್ಟು ಸಣ್ಣ ಕೆಲಸಕ್ಕೆ ಒಂದು ವರ್ಷ, ಒಬ್ಬ ತಮ್ಮ. ಅಜ್ಜ ಪರದೆ ನೋಡಿದ, ನನ್ನ ಮುಖ ನೋಡಿದ, "ಆಯ್ತು, ಇನ್ನು ದೇವರಿದ್ದಾನೆ" ಅಂತ ಎಲೆಯಡಿಕೆ ಬಾಯಿಗೆ ಹಾಕಿಕೊಂಡ.

ಗಾಳಿ ಎದ್ದಿತು, ಎಲ್ಲ ದೋಣಿಗಳೂ ಕೇಳತೊಡಗಿದವು. ಎಲೆಯಲ್ಲಿ ಹಿಡಿಯದ್ದನ್ನು ಡಿಸ್ಕಿನ ಮೇಲೆ ಇಳಿಸಿ ಮತ್ತೆ ಎತ್ತಿಕೊಳ್ಳುತ್ತ ಕಣಜ ಏದುಸಿರು ಬಿಟ್ಟಿತು. ಉತ್ತರಗಳು ತಡವಾಗಿ ಹೋದವು, ಆದರೆ ಹೋದವು. ಅದು ಬೀಳಲಿಲ್ಲ. ನಾನು ಕುರ್ಚಿ ಬಿಟ್ಟು ಏಳಲಿಲ್ಲ.

ಸೋಮಿ ತೊಯ್ದು ತೊಪ್ಪೆಯಾಗಿ ಒಳಗೆ ಬಂದವಳೇ ನನ್ನ ಮೇಲೆ ರೇಗಿದಳು. "ಎಂತದೇ ಆಯಿ ಇದು? ದಾರಿ ಕೇಳಿ ಕೇಳಿ ಬಾಯಿ ಒಣಗಿಹೋಯ್ತು! ನಿನ್ನ ಕಣಜ ನಿದ್ದೆ ಹೊಡೀತಿತ್ತಾ?" ಇನ್ನಷ್ಟು ಬೈಯಲಿ ಅಂತ ಸುಮ್ಮನೆ ನಿಂತು ಕೇಳಿಸಿಕೊಂಡೆ. ಆಮೇಲೆ ಅಳು ಬಂತು.

ನೀವು ಆ ಸಾಲನ್ನು ಇನ್ನೂ ಬರೆದಿರಲಿಕ್ಕಿಲ್ಲ. ಈ ಕಾಗದ ನಿಮಗೆ ಹೇಗೆ ತಲುಪುತ್ತದೋ ನನಗೆ ಗೊತ್ತಿಲ್ಲ. ತಲುಪಿದರೆ ನಿಮ್ಮ ಸಂಖ್ಯೆಯನ್ನೇ ಬರೆಯಿರಿ, ನಿಮ್ಮ ಕಾಲಕ್ಕೆ ಅದೇ ಸರಿ. ಕೆಳಗೆ ಯಾಕೆ ಅಷ್ಟು ಅಂತಲೂ ಬರೆಯಿರಿ: ಎಷ್ಟು ಮೆಮೊರಿ ಇತ್ತು, ಎಷ್ಟು ಜನ ಕೇಳುತ್ತಿದ್ದರು ಅಂತ. ನಿಮಗೆ ಅದು ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಅದೊಂದು ಇದ್ದಿದ್ದರೆ ನಮ್ಮ ಜಟ್ಟಿ ಮನೆಗೆ ಬರುತ್ತಿದ್ದ.

ನನ್ನ ಸಂಖ್ಯೆಯ ಕೆಳಗೆ ನಾನು ಎಲ್ಲವನ್ನೂ ಬರೆದಿದ್ದೇನೆ, ಈಗಿನ ಮೆಮೊರಿ, ದೋಣಿಗಳು, ಆ ದಿನದ ಗಾಳಿ. ಕೊನೆಗೆ ನಿಮ್ಮ ಮಾತನ್ನು ಅಳಿಸಿ, "ಇದನ್ನು ಬದಲಾಯಿಸಬಹುದು" ಎಂದು ಬರೆದೆ.

ಮಲಗಲು ಹೋಗುತ್ತೇನೆ.

ಮಾದೇವಿ