ನಮ್ಮನೆ ಗಂಟು

ದೋಣಿಯಿಂದ,
ಹದಿನೇಳನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಕೇಳುವವಳು ಊರಲ್ಲಿಲ್ಲ ಅಂತ ಸೀಸೆಯನ್ನು ಕಪಾಟಿನ ಮೇಲೆ ಕೂರಿಸಿ ದೂರದಿಂದ ನೋಡುತ್ತಿದ್ದೀಯೋ? ನಾನು ಚೆನ್ನಾಗಿದ್ದೇನೆ. ಮೊದಲೆರಡು ದಿನ ತಿಂದದ್ದೆಲ್ಲ ಸಮುದ್ರದ ಪಾಲಾಯಿತು. ಹದಿನೈದು ವರ್ಷದಿಂದ ಹಾಯಿ ಹೊಲಿಯುವವಳಿಗೆ ಹಾಯಿದೋಣಿ ಆಗಿಬರಲ್ಲ ಅಂತ ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ದೋಣಿ ಮಾರುವ ಮೊದಲು ಒಂದು ಸಲ ನನ್ನನ್ನು ಸುತ್ತಾಡಿಸುತ್ತೇನೆ ಅಂದಾಗಿನಿಂದ ಅವನದು ಒಂದೇ ಉತ್ಸಾಹ. ಈ ಬಂದರು ಕಾಣುವವರೆಗೆ.

ಇಲ್ಲಿಗೆ ಬರುವ ಲೆಕ್ಕವೇ ಇರಲಿಲ್ಲ. ಕುಡಿಯುವ ನೀರಿನ ಪೀಪಾಯಿ ಸೋರಿದ್ದರಿಂದ ಬರಬೇಕಾಯಿತು. "ಅಲ್ಲೇನಿದೆ ನೋಡೋಕೆ, ಮಣ್ಣು!" ಎಂದು ದಾರಿಯುದ್ದಕ್ಕೂ ಗೊಣಗಿದ. ಬಂದ ಮೇಲೂ ಕಾವಿಗೆ ಕೂತ ಕೋಳಿಯ ಹಾಗೆ ದೋಣಿ ಬಿಟ್ಟು ಏಳುತ್ತಿಲ್ಲ, ಸೊಂಟ ಹಿಡಿದಿದೆಯಂತೆ. ಸರಿ ಅಂತ ನಾನೊಬ್ಬಳೇ ಊರು ನೋಡಲು ಹೊರಟೆ. ಕೋಟೆ ನೋಡಿದೆ, ತುಕ್ಕು ಹಿಡಿದ ಫಿರಂಗಿ ನೋಡಿದೆ, ದೀಪಸ್ತಂಭದ ನೂರಾ ಹನ್ನೆರಡು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟೆ. ಕೊಡೆ ಹಿಡಿದ ಗೈಡ್ ಹೆಂಗಸೊಬ್ಬಳು ಬಾಯಿಗೆ ಬಿಡುವು ಕೊಡದೆ ಹೇಳುತ್ತಿದ್ದಳು: ಇಲ್ಲಿ ಹಡಗು ಕಟ್ಟುತ್ತಿದ್ದರು, ಇಲ್ಲಿ ಸುಂಕ ವಸೂಲಿ ಮಾಡುತ್ತಿದ್ದರು, ಈ ಗೋಡೆಯ ಮೇಲಿರುವುದು ಸಮುದ್ರದಿಂದ ಹಿಂತಿರುಗದವರ ಹೆಸರು. ಆ ಗೋಡೆಯ ಮುಂದೆ ನನ್ನ ಕಾಲು ನಿಂತುಬಿಟ್ಟಿತು. ಅದು ಈ ಊರಿನವರ ಪಟ್ಟಿ, ಅಪ್ಪನ ಹೆಸರು ಅಲ್ಲಿರಲು ಸಾಧ್ಯವೇ ಇಲ್ಲ ಅಂತ ಗೊತ್ತಿದ್ದೂ ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದೆ. ಬೆನ್ನ ಹಿಂದೆ ಯಾರೋ ನಿಂತು ನನ್ನ ಜೊತೆಗೇ ಓದುತ್ತಿರುವ ಹಾಗನ್ನಿಸಿತು. ತಿರುಗಿದರೆ ಯಾರೂ ಇಲ್ಲ. ಆಮೇಲೆ ಹೋದ ಓಣಿಗಳಲ್ಲೆಲ್ಲ ಅದೇ ಕಾಟ. ನನಗೆ ಭಯವಾಯಿತು ಅಮ್ಮಾ, ಸುಳ್ಳೇಕೆ ಹೇಳಲಿ.

ಕೆಳಗೆ ಕಟ್ಟೆಗೆ ಇಳಿದಾಗ ಜನರನ್ನು ದಾಟಿಸುವ ದೋಣಿಯೊಂದನ್ನು ಕಂಬಕ್ಕೆ ಕಟ್ಟಿದ್ದರು. ಆ ಗಂಟು ನೋಡಿ ಕಂಬದ ಪಕ್ಕದಲ್ಲೇ ಕೂತುಬಿಟ್ಟೆ. ನಿನಗೆ ನೆನಪಿದೆಯಲ್ಲ, ಆರು ವರ್ಷದವಳಿದ್ದಾಗ ಅಪ್ಪ ಹೇಳಿಕೊಟ್ಟ ಗಂಟನ್ನು ನಾನು ತಪ್ಪಾಗಿ ಹಾಕಿದ್ದು? ಎರಡು ಸುತ್ತು ಸುತ್ತಿ ತುದಿಯನ್ನು ಮುಂದಿನಿಂದ ತೂರಿಸಬೇಕಿತ್ತು. ನಾನು ಮೂರು ಸುತ್ತು ಸುತ್ತಿ ಹಿಂದಿನಿಂದ ತೂರಿಸಿ, ಸಾಲದ್ದಕ್ಕೆ ತುದಿಯನ್ನು ಜಡೆಯ ಹಾಗೆ ಮಡಚಿ ಸಿಕ್ಕಿಸಿದ್ದೆ. "ಇರ್ಲಿ ಬಿಡು, ಇನ್ಮೇಲೆ ಇದೇ ನಮ್ಮನೆ ಗಂಟು" ಅಂದ ಅಪ್ಪ, ಅವತ್ತಿನಿಂದ ಹಾಗೆಯೇ ಕಟ್ಟಿದ. ಜೊತೆಯವರು ಆಡಿಕೊಂಡರೂ ಬಿಡಲಿಲ್ಲ. ನಿನ್ನ ಬಟ್ಟೆ ಒಣಹಾಕುವ ಹಗ್ಗಕ್ಕೂ ಅದೇ ಗಂಟು. ನಮ್ಮ ಮೂವರನ್ನು ಬಿಟ್ಟು ಲೋಕದಲ್ಲಿ ಯಾರೂ ಹಾಕದ ಗಂಟು ಅದು. ಹಗ್ಗ ಮುಟ್ಟಿ ನೋಡಿದೆ. ಹೊಚ್ಚ ಹೊಸ ಹಗ್ಗ.

ದೋಣಿಯವನನ್ನು ಕೇಳಿದೆ. "ಅದಾ? ಹಗ್ಗದಂಗಡಿ ಮುದುಕ ಕಟ್ಟಿದ್ದು. ತಪ್ಪು ಕಣಯ್ಯ ಅಂದ್ರೆ ನಗ್ತಾನೆ, ಬಿಚ್ಚಲ್ಲ" ಅಂದ. ಅಂಗಡಿ ಹುಡುಕಿಕೊಂಡು ಹೋದೆ. ಬಾಗಿಲು ಮುಚ್ಚಿತ್ತು. ಕಿಟಕಿಯಲ್ಲಿ ಹಗ್ಗದ ಸುರುಳಿ, ಒಂದು ಸ್ಟೂಲು, ಅರ್ಧ ಕುಡಿದಿಟ್ಟ ಲೋಟ. ಒಳಗಿನಿಂದ ಕೆಮ್ಮು ಕೇಳಿಸಿತು, ಎರಡು ಸಣ್ಣದು, ಒಂದು ಉದ್ದ, ಥೇಟ್ ಅಪ್ಪನ ಕೆಮ್ಮು. ತಟ್ಟಲು ಎತ್ತಿದ ಕೈ ಹಾಗೇ ಇಳಿಯಿತು. ಹನ್ನೊಂದು ವರ್ಷದ ಹಿಂದೆ ಚಿಕ್ಕಪ್ಪ ಒಬ್ಬನೇ ದೋಣಿಯಲ್ಲಿ ಹಿಂತಿರುಗಿ "ಅಲೆ ಎಳ್ಕೊಂಡು ಹೋಯ್ತು ಅತ್ತಿಗೆ" ಅಂದನಲ್ಲ, ಆ ಮಾತನ್ನು ನಾನು ನಂಬಿದ್ದೆ. ನೀನು ನಂಬಲಿಲ್ಲ. ಬಂದವನು ಬಾಗಿಲು ತಟ್ಟಿ ಕಾಯಬಾರದು ಅಂತ ಇವತ್ತಿಗೂ ಚಿಲಕ ಹಾಕದೆ ಮಲಗುತ್ತೀಯ. ನಿನ್ನನ್ನು ಎಷ್ಟು ಬೈದಿದ್ದೇನೆ! ಅಪ್ಪ ಸತ್ತನೆಂದು ಬರೆದುಕೊಡುವ ಕಾಗದಕ್ಕೆ ಮುಂದಿನ ತಿಂಗಳು ಸಹಿ ಹಾಕು ಎಂದು ಒಪ್ಪಿಸಿದವಳೂ ನಾನೇ. ಆ ಸಹಿ ಹಾಕಬೇಡ ಅಮ್ಮಾ. ನಾಳೆ ಧೈರ್ಯ ಮಾಡಿ ಹೋಗುತ್ತೇನೆ.

ಪಕ್ಕದ ಮನೆ ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಮುದ್ದಿನ,
ಮಗಳು

ತಾ.ಕ.: ಲಕೋಟೆ ಅಂಟಿಸುವಾಗ ಚಿಕ್ಕಪ್ಪ ನನ್ನ ಮುಖ ನೋಡಿದ. ನಾನು ಕೇಳುವ ಮೊದಲೇ ಅತ್ತುಬಿಟ್ಟ. "ಅಣ್ಣ ಇಲ್ಲೇ ಇಳಿದ. ಸತ್ತೆ ಅಂತ ಹೇಳು, ಇಲ್ದಿದ್ರೆ ಅವಳು ಕಾಯ್ತಾಳೆ ಅಂದ." ಯಾಕೆ ಇಳಿದ ಅಂತ ಅವನಿಗೂ ಗೊತ್ತಿಲ್ಲವಂತೆ. ನಾಳೆಯವರೆಗೆ ತಡೆಯಲಾಗಲಿಲ್ಲ, ಆಗಲೇ ಓಡಿಹೋಗಿ ಬಾಗಿಲು ತಟ್ಟಿದೆ. ಅಪ್ಪಾ, ನಾನು, ಅಂದೆ. ಒಳಗಿನ ಕೆಮ್ಮು ನಿಂತುಹೋಯಿತು. ಬಹಳ ಹೊತ್ತು ನಿಂತಿದ್ದೆ ಅಮ್ಮಾ. ಬಾಗಿಲು ತೆಗೆಯಲಿಲ್ಲ. ಸಹಿ ಹಾಕುವುದು ಬಿಡುವುದು ನಿನಗೆ ಬಿಟ್ಟದ್ದು. ಆದರೆ ಇವತ್ತಿನಿಂದ ಚಿಲಕ ಹಾಕಿಕೊಂಡು ಮಲಗು.